ಮಳೆಗಾಲದ ಕತ್ತಲೆಗೆ ಎಂಥ ಇನ್ವರ್ಟರ್?



ಆಷಾಢದ ಗಾಳಿಮಳೆಗೆ ಮರಗಳುರುಳಿ ತಂತಿ ಹರಿದು, ತೀರ್ಥಹಳ್ಳಿಯ ಕಡೆಯ ನಿಮ್ಮ ಮನೆ ಗಂಟೆಗಟ್ಟಲೆ ಕತ್ತಲೆಯಲ್ಲಿ ಮುಳುಗುವುದೆಂದು ಬರೆದಿರುವಿರಿ. ಯಂತ್ರವನ್ನು ಕೊಳ್ಳುವ ಮುನ್ನ ಅಗತ್ಯವನ್ನು ಅಳೆಯುವುದೇ ವಿವೇಕ. ಎರಡು ಫ್ಯಾನುಗಳಿಗೆ 150 ವ್ಯಾಟ್, ನಾಲ್ಕು ಎಲ್‌ಇಡಿ ದೀಪಗಳಿಗೆ 36 ವ್ಯಾಟ್ ಎಂದಿಟ್ಟುಕೊಂಡರೆ, 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸಂಗ್ರಹವಾಗುವ 1800 ವ್ಯಾಟ್-ಅವರ್ ಶಕ್ತಿಯಲ್ಲಿ ಪರಿವರ್ತನೆಯ ನಷ್ಟವನ್ನೂ, ಬ್ಯಾಟರಿಯ ಆಯುಷ್ಯಕ್ಕಾಗಿ ಉಳಿಸಬೇಕಾದ ಅಂಶವನ್ನೂ ಕಳೆದು, ಸುಮಾರು ಐದಾರು ಗಂಟೆಗಳ ಬೆಳಕೂ ಗಾಳಿಯೂ ದೊರೆಯುವುವು.

ಆದುದರಿಂದ ಅಂಥದೊಂದು ಟ್ಯೂಬುಲರ್ ಬ್ಯಾಟರಿಯನ್ನೂ, ಫ್ಯಾನುಗಳು ಗುಂಯ್‌ಗುಡದಂತೆ ಸೈನ್‌ವೇವ್ ಇನ್ವರ್ಟರನ್ನೂ ಆರಿಸಿರಿ. ಗೀಸರು, ಪಂಪುಗಳನ್ನು ಅದಕ್ಕೆ ಜೋಡಿಸದಿರಿ. ಚಾರ್ಜಾಗುವಾಗ ಬ್ಯಾಟರಿಯು ಹೈಡ್ರೋಜನ್ ಅನಿಲವನ್ನು ಹೊರಸೂಸುವುದರಿಂದ, ಅದನ್ನು ಮಲಗುವ ಕೋಣೆಯಲ್ಲಿರಿಸದೆ, ಗಾಳಿಯಾಡುವ, ಮಳೆ ತಾಗದ ಎಡೆಯಲ್ಲಿರಿಸಿ, ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರನ್ನು ತಪ್ಪದೆ ತುಂಬಿಸುತ್ತಿರಿ.