ಒಂಬತ್ತನೆಯ ತರಗತಿಯವರಿಗೊಂದು ವಿಜ್ಞಾನ ಶಿಕ್ಷಣ

ವಿಜ್ಞಾನದ ವಿಶೇಷ ವ್ಯಾಸಂಗವು ನಗರದ ಮಕ್ಕಳಿಗೆ ಮಾತ್ರ ಮೀಸಲೆಂದು ರೂಪನಗುಡಿಯಂತಹ ಊರಿನ ವಿದ್ಯಾರ್ಥಿಗಳು ಭಾವಿಸಬೇಕಾಗಿಲ್ಲ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2019ರಲ್ಲಿ ಆರಂಭಿಸಿದ ‘ಯುವಿಕಾ’, ಅಂದರೆ ಯುವ ವಿಜ್ಞಾನಿ ಕಾರ್ಯಕ್ರಮವು, ಒಂಬತ್ತನೆಯ ತರಗತಿಯವರಿಗೆಂದೇ ರೂಪುಗೊಂಡುದು. ಆ ವರ್ಷ ಕಳೆದರೆ ಅರ್ಜಿ ಸಲ್ಲಿಸುವಂತಿಲ್ಲ. ಸುಮಾರು ಎರಡು ವಾರಗಳ ಈ ವಸತಿ ಶಿಕ್ಷಣದಲ್ಲಿ ವಿಜ್ಞಾನಿಗಳ ಉಪನ್ಯಾಸ, ಪ್ರಯೋಗಶಾಲೆಗಳ ದರ್ಶನಗಳಿರುತ್ತವೆ. ಪ್ರಯಾಣ, ಊಟ, ವಸತಿಗಳ ವೆಚ್ಚವನ್ನು ಸಂಸ್ಥೆಯೇ ಭರಿಸುತ್ತದೆ. ಆಯ್ಕೆಯಲ್ಲಿ ಎಂಟನೆಯ ತರಗತಿಯ ಅಂಕಗಳು ಮುಖ್ಯವಾದರೂ ವಿಜ್ಞಾನ ಮೇಳದಲ್ಲಿ ಭಾಗವಹಿಸಿದುದೂ ಲೆಕ್ಕಕ್ಕೆ ಬರುತ್ತದೆ. ಪಂಚಾಯತಿ ವ್ಯಾಪ್ತಿಯ ಶಾಲೆಗಳಲ್ಲಿ ಓದುವವರಿಗೆ ಹೆಚ್ಚಿನ ಅಂಕಗಳುಂಟು. ಇದು ನ್ಯಾಯವೇ ಸರಿ.

ಮೇಳಕ್ಕೆ ವಿಷಯವನ್ನು ದೂರದಲ್ಲಿ ಅರಸಬೇಕೆ? ಬಳ್ಳಾರಿ ಸೀಮೆಯ ಎರೆಭೂಮಿಯು ಬೇಸಿಗೆಯಲ್ಲಿ ಬಾಯ್ದೆರೆಯುವುದನ್ನು ನೀವು ಕಂಡಿದ್ದೀರಿ. ಆ ಮಣ್ಣಿನ ಜೇಡಿಕಣಗಳು ನೀರುಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಒಂದು ಗಾಜಿನ ಲೋಟ, ಒಂದು ಅಳತೆಪಟ್ಟಿಯಿದ್ದರೆ ಆ ಉಬ್ಬುವಿಕೆಯನ್ನು ತರಗತಿಯಲ್ಲಿಯೇ ಅಳೆಯಬಹುದು.