ಗಿಟಾರಿನೊಳಗಿನ ಸುರುಳಿ



ಸುರುಳಿಯ ಮೂಲಕ ಹಾಯುವ ಕಾಂತೀಯ ಬಲರೇಖೆಗಳು ಬದಲಾದಾಗ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ಈ ನಿಯಮವನ್ನು ಪರೀಕ್ಷೆಗೆಂದು ನೀವೆಲ್ಲರೂ ಬಾಯಿಪಾಠ ಮಾಡಿದವರೇ. ನಾನೂ ಅನೇಕ ವರ್ಷ ಅದನ್ನು ಹಾಗೆಯೇ ಪಾಠ ಹೇಳಿದವನು. ನಿಯಮದ ನಿಜವಾದ ಬೆಲೆ ನನಗೆ ತಿಳಿದುದು ಒಂದು ಗಿಟಾರನ್ನು ಕೆಡಿಸಿದ ಮೇಲೆ.

ನಮ್ಮ ಹಳೆವಿದ್ಯಾರ್ಥಿಯೊಬ್ಬ ಮದುವೆ ಮನೆಗಳ ವಾದ್ಯಮೇಳದಲ್ಲಿ ವಿದ್ಯುತ್ ಗಿಟಾರು ನುಡಿಸುತ್ತಾನೆ. ಒಂದು ದಿನ ಅದನ್ನು ಹೊತ್ತುಕೊಂಡು ಮನೆಗೆ ಬಂದ. "ಮಾಸ್ಟ್ರೇ, ಹೆಚ್ಚು ಶಕ್ತಿಯದ್ದೆಂದು ಹೇಳಿದ ಪಿಕಪ್ ಹಾಕಿಸಿದೆ. ಶಬ್ದವೇನೋ ದೊಡ್ಡದಾಯಿತು, ಸ್ವರ ಮಾತ್ರ ಕಂಬಳಿ ಹೊದ್ದ ಹಾಗಿದೆ. ಹಳೆಯದನ್ನೇ ಕೂರಿಸಿಕೊಡಿ" ಎಂದ.

ಪಿಕಪ್ ಎಂದರೇನು? ವೀಣೆಗೆ ಕುಡಿಕೆ ಇದೆ, ಸಾಧಾರಣ ಗಿಟಾರಿಗೆ ಟೊಳ್ಳು ಪೆಟ್ಟಿಗೆ ಇದೆ. ತಂತಿಯ ಕಂಪನವನ್ನು ಅವು ದೊಡ್ಡದು ಮಾಡುತ್ತವೆ. ಈ ಗಿಟಾರಿನದು ಗಟ್ಟಿ ಮರದ ಒಡಲು. ಇದರಲ್ಲಿ ಆರು ತಂತಿಗಳ ಕೆಳಗೆ ಆರು ಸಣ್ಣ ಕಾಂತದ ಕಡ್ಡಿಗಳಿವೆ; ಅವುಗಳ ಸುತ್ತ ತಾಮ್ರದ ತಂತಿಯ ಸುರುಳಿಯಿದೆ. ಮೇಲಿನ ಉಕ್ಕಿನ ತಂತಿ ಕಾಂತದ ಪ್ರಭಾವದಿಂದ ತಾನೂ ಕಾಂತವಾಗುತ್ತದೆ. ಅದನ್ನು ಮೀಟಿದಾಗ ಸುರುಳಿಯೊಳಗಿನ ಬಲರೇಖೆಗಳು ಅದೇ ಲಯದಲ್ಲಿ ಹೆಚ್ಚು ಕಡಿಮೆಯಾಗುತ್ತವೆ. ಸುರುಳಿಯಲ್ಲಿ ಹುಟ್ಟಿದ ಅತ್ಯಲ್ಪ ವಿದ್ಯುತ್ತು ಧ್ವನಿವರ್ಧಕಕ್ಕೆ ಹೋಗುತ್ತದೆ. ಹಿತ್ತಾಳೆಯ ಅಥವಾ ನೈಲಾನಿನ ತಂತಿಯನ್ನು ಎಷ್ಟು ಮೀಟಿದರೂ ಈ ಪಿಕಪ್ಪಿಗೆ ಅದು ಕೇಳಿಸದು. ಏಕೆಂಬುದನ್ನು ನೀವೇ ಹೇಳಬಲ್ಲಿರಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾರ್ಜ್ ಬೀಚಮ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಎಂಬವರು 1930ರ ದಶಕದ ಆರಂಭದಲ್ಲಿ ಇಂತಹ ಗಿಟಾರನ್ನು ಮಾಡಿದರು. ದುಂಡು ಒಡಲು, ಉದ್ದ ಕತ್ತು ಇದ್ದುದರಿಂದ ಅದಕ್ಕೆ ಬಾಣಲೆ ಎಂಬ ಅಡ್ಡಹೆಸರು ಬಿತ್ತು. 1954ರಲ್ಲಿ ಲಿಯೋ ಫೆಂಡರ್ ಮೂರು ಪಿಕಪ್ಪುಗಳ ಸ್ಟ್ರಾಟೊಕ್ಯಾಸ್ಟರ್ ಗಿಟಾರನ್ನು ಹೊರತಂದ. ನಮ್ಮ ಹುಡುಗನ ಗಿಟಾರು ಇದೇ ಮಾದರಿಯದು.

ಹಳೆಯ ಪಿಕಪ್ಪನ್ನು ಅವನು ಕಾಗದದಲ್ಲಿ ಸುತ್ತಿ ತಂದಿದ್ದ. ಮಲ್ಟಿಮೀಟರಿನಲ್ಲಿ ಅಳೆದೆ, ಸುಮಾರು 6,000 ಓಮ್ ರೋಧ ತೋರಿಸಿತು. ಸರಿಯಾಗಿಯೇ ಇದೆ ಎಂದು ಮೇಜಿನ ಮೇಲಿಟ್ಟು ತಿರುಪುಳಿಯನ್ನು ಕೈಗೆತ್ತಿಕೊಂಡೆ. ಕಾಂತ ಅದನ್ನು ಸರಕ್ಕನೆ ಎಳೆದುಕೊಂಡಿತು. ತಿರುಪುಳಿಯ ಮೊನೆ ಸುರುಳಿಗೆ ತಾಗಿತು. ಮತ್ತೆ ಅಳೆದರೆ ಮೀಟರು ಏನನ್ನೂ ತೋರಿಸಲಿಲ್ಲ. ತಂತಿ ಕಡಿದಿತ್ತು. ಆ ತಂತಿಯ ವ್ಯಾಸ ಕೇವಲ 0.063 ಮಿಲಿಮೀಟರು, ಹೆಚ್ಚುಕಡಿಮೆ ತಲೆಕೂದಲಿನಷ್ಟು. ಸುತ್ತುಗಳು ಸುಮಾರು 8,000. ಒಂದು ಸುತ್ತಿಗೆ 14 ಸೆಂಟಿಮೀಟರಿನಂತೆ ಲೆಕ್ಕ ಹಾಕಿ: ಅಷ್ಟು ಚಿಕ್ಕ ವಸ್ತುವಿನೊಳಗೆ ಒಂದು ಕಿಲೋಮೀಟರಿಗೂ ಮೀರಿದ ತಂತಿ! ಒಂದೇ ಕಡೆ ಕಡಿದರೆ ಅಷ್ಟೂ ವ್ಯರ್ಥ.

ಹುಡುಗ ಏನೂ ಹೇಳಲಿಲ್ಲ. ಅವನ ಮುಖ ನೋಡಲು ನನಗೆ ನಾಚಿಕೆಯಾಯಿತು. ಬದಲಿ ಪಿಕಪ್ಪಿನ ಹಣ ನನ್ನದೇ ಎಂದೆ. ಆದರೆ ಯಾವುದನ್ನು ತರಿಸುವುದು? ಇಲ್ಲಿಯೇ ನಿಜವಾದ ಪಾಠ ಆರಂಭವಾಯಿತು.

ಸುತ್ತು ಹೆಚ್ಚಾದಷ್ಟೂ ವೋಲ್ಟೇಜು ಹೆಚ್ಚುತ್ತದೆ ಎಂದು ಪುಸ್ತಕ ಹೇಳುತ್ತದೆ. ಅದು ಸುಳ್ಳಲ್ಲ. 1970ರ ದಶಕದಲ್ಲಿ ಅಮೆರಿಕದ ಲ್ಯಾರಿ ಡಿಮಾರ್ಜಿಯೊ ಅಬ್ಬರದ ಸಂಗೀತಕ್ಕೆಂದು ಹೆಚ್ಚು ರೋಧದ ಸುರುಳಿ, ಸೆರಾಮಿಕ್ ಕಾಂತಗಳಿರುವ ಬದಲಿ ಪಿಕಪ್ಪನ್ನು ಮಾಡಿ ಮಾರಿದುದು ಈ ಆಸೆಯಿಂದಲೇ. ಆದರೆ ಸುರುಳಿಗೆ ಇನ್ನೊಂದು ಗುಣವಿದೆ. ತನ್ನಲ್ಲಿ ಹರಿಯುವ ವಿದ್ಯುತ್ತಿನ ಬದಲಾವಣೆಯನ್ನು ಅದು ತಾನೇ ವಿರೋಧಿಸುತ್ತದೆ. ಇದನ್ನು ವಿದ್ಯುತ್ತಿನ ಜಡತ್ವವೆನ್ನಬಹುದು. ಸುತ್ತು ಎರಡರಷ್ಟಾದರೆ ಈ ಜಡತ್ವ ನಾಲ್ಕರಷ್ಟಾಗುತ್ತದೆ. ಭಾರವಾದ ಉಯ್ಯಾಲೆ ಬೇಗಬೇಗ ತೂಗಲಾರದಷ್ಟೆ? ಹಾಗೆಯೇ ಸುತ್ತು ಹೆಚ್ಚಾದ ಸುರುಳಿ ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವ ಸೂಕ್ಷ್ಮ ಮೇಲ್ಸ್ವರಗಳನ್ನು ತಡೆಹಿಡಿಯುತ್ತದೆ. ಸ್ವರಕ್ಕೆ ಹೊಳಪು ಕೊಡುವವು ಆ ಮೇಲ್ಸ್ವರಗಳೇ. ಹುಡುಗ ಹೇಳಿದ ಕಂಬಳಿ ಇದೇ.

ಆದುದರಿಂದಲೇ ಅದೇ ದಶಕದಲ್ಲಿ ಸೆಮೋರ್ ಡಂಕನ್ ಮುಂತಾದವರು 1950ರ ದಶಕದ ಪಿಕಪ್ಪುಗಳ ಮಾದರಿಯಲ್ಲಿ ಹೊಸದನ್ನು ಸುತ್ತತೊಡಗಿದರು. ಸುತ್ತು ಮಿತವಾಗಿರುತ್ತದೆ; ಕಾಂತ ಆಲ್ನಿಕೊ, ಅಂದರೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್‌ಗಳನ್ನು ಕಬ್ಬಿಣದೊಡನೆ ಬೆರೆಸಿದ ಮಿಶ್ರಲೋಹ. ನಾವು ತರಿಸಿದುದು ಈ ಬಗೆಯದನ್ನೇ.

ಹಳೆಯದೆಲ್ಲವೂ ಉತ್ತಮವೆಂದು ತಿಳಿಯಬಾರದು. ಒಂದೇ ಸುರುಳಿಯ ಪಿಕಪ್ ಸುತ್ತಮುತ್ತಲಿನ ವಿದ್ಯುತ್ ತಂತಿಗಳ ಗುಂಯ್‌ಗುಡುವಿಕೆಯನ್ನೂ ಎಳೆದುಕೊಳ್ಳುತ್ತದೆ. ಇದನ್ನು ಹೋಗಲಾಡಿಸಲು ಗಿಬ್ಸನ್ ಕಂಪೆನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳ ಪಿಕಪ್ಪನ್ನು ರಚಿಸಿದ. ಅಲ್ಲದೆ, ಸ್ಟ್ರಾಟೊಕ್ಯಾಸ್ಟರಿನ ಹಳೆಯ ಮಾದರಿಯಲ್ಲಿ ಕಾಂತದ ಕಡ್ಡಿಗಳು ಏರುತಗ್ಗಾಗಿರುತ್ತವೆ. ಅಂದಿನ ಮೂರನೆಯ ತಂತಿಗೆ ಮೇಲುಸುತ್ತು ಇರುತ್ತಿತ್ತು. ಅದಕ್ಕೆ ತಕ್ಕಂತೆ ಅಲ್ಲಿನ ಕಡ್ಡಿ ಎತ್ತರ. ಇಂದಿನ ಬರಿಯ ಉಕ್ಕಿನ ತಂತಿ ಹಾಕಿದರೆ ಅದೊಂದೇ ಜೋರಾಗಿ ನುಡಿಯುತ್ತದೆ. ನಾವು ಸಮಮಟ್ಟದ ಕಡ್ಡಿಗಳದ್ದನ್ನು ಆರಿಸಿದೆವು.

ಕೂರಿಸುವ ಕ್ರಮ ಇಷ್ಟೆ. ಮೊದಲು ಯಾವ ತಂತಿ ಎಲ್ಲಿಗೆ ಹೋಗಿದೆ ಎಂಬ ನಕ್ಷೆ ಬರೆದುಕೊಳ್ಳಬೇಕು. ಗಿಟಾರಿನ ತಂತಿಗಳನ್ನು ಸಡಿಲಿಸಿ, ಬೆಸುಗೆ ಕರಗಿಸಿ, ಬೇಡವಾದ ಪಿಕಪ್ಪನ್ನು ತೆಗೆಯಬೇಕು. ಹೊಸದರ ಎರಡು ತಂತಿಗಳನ್ನು ಅದೇ ಜಾಗಗಳಿಗೆ ಬೆಸೆಯಬೇಕು. ಬಳಿಕ ಪಕ್ಕದ ಪಿಕಪ್ಪಿನೊಡನೆ ಕೂಡಿಸಿ ನುಡಿಸಿ ನೋಡಬೇಕು. ಸ್ವರ ತೆಳ್ಳಗೆ, ಪೊಳ್ಳಾಗಿ ಕೇಳಿದರೆ ಎರಡೂ ಒಂದಕ್ಕೊಂದು ವಿರುದ್ಧವಾಗಿವೆಯೆಂದು ಅರ್ಥ. ಹೊಸದರ ಎರಡು ತಂತಿಗಳನ್ನು ಅದಲು ಬದಲು ಮಾಡಿದರೆ ಸಾಕು. ಕೊನೆಗೆ ಎತ್ತರ. ಕೊನೆಯ ಮನೆಯಲ್ಲಿ ತಂತಿಯನ್ನು ಒತ್ತಿ ಹಿಡಿದಾಗ ಅದಕ್ಕೂ ಕಾಂತಕ್ಕೂ ಎರಡರಿಂದ ಎರಡೂವರೆ ಮಿಲಿಮೀಟರು ಅಂತರವಿರಲಿ. ತೀರ ಹತ್ತಿರವಾದರೆ ಕಾಂತ ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತದೆ.

ಈ ಸಲ ತಿರುಪುಳಿಯನ್ನು ದೂರದಲ್ಲಿಟ್ಟೆ. ಬೆಸುಗೆ ಹಾಕಿದವನು ಹುಡುಗನೇ, ದೀಪ ಹಿಡಿದವನು ನಾನು. ನುಡಿಸಿದಾಗ ಶಬ್ದ ಮೊದಲಿಗಿಂತ ಸಣ್ಣದಾಗಿತ್ತು, ಆದರೆ ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕೇಳಿತು. "ಸಾಕು ಮಾಸ್ಟ್ರೇ, ದೊಡ್ಡದು ಮಾಡಲು ಧ್ವನಿವರ್ಧಕ ಇದೆಯಲ್ಲ" ಎಂದ. ನಾನು ಹೇಳಬೇಕಾದ ಮಾತನ್ನು ಅವನೇ ಹೇಳಿದ. ಕಳೆದುಹೋದ ಮೇಲ್ಸ್ವರವನ್ನು ಯಾವ ಧ್ವನಿವರ್ಧಕವೂ ಮರಳಿ ತರಲಾರದು.

ನೀವು ಮಾಡಿ ನೋಡಿ: ಪ್ರಯೋಗಶಾಲೆಯ ಹೆಚ್ಚು ಸುತ್ತಿನ ಸುರುಳಿಯೊಳಗೆ ದಂಡಕಾಂತವನ್ನು ಅಲುಗದಂತೆ ಇಟ್ಟು, ಸುರುಳಿಗೆ ಗ್ಯಾಲ್ವನೋಮೀಟರನ್ನು ಜೋಡಿಸಿ. ಮುಳ್ಳು ಸೊನ್ನೆಯಲ್ಲಿ ನಿಂತ ಮೇಲೆ ಕಬ್ಬಿಣದ ಸರಳೊಂದನ್ನು ಕಾಂತದ ತುದಿಗೆ ಬೇಗನೆ ಹತ್ತಿರ ತಂದು, ಬೇಗನೆ ದೂರ ಒಯ್ಯಿರಿ. ಮುಳ್ಳು ಅಲುಗುತ್ತದೆ. ಸರಳನ್ನು ಹತ್ತಿರವೇ ಸುಮ್ಮನೆ ಹಿಡಿದರೆ ಅಲುಗದು. ಗಿಟಾರಿನ ವಿದ್ಯೆಯೆಲ್ಲ ಆ ಮುಳ್ಳಿನಲ್ಲಿದೆ. ಸರಳನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ!