ಸಾಲದ ರೊಕ್ಕ ಆದಾಯ ಅಲ್ಲ: ಲೆಕ್ಕದಲ್ಲಿ ಬರೆಯೋದು ಹೇಗೆ?

ಮುಂಗಾರು ಶುರುವಾದರೆ ನಮ್ಮ ದೇಸೂರ, ಖಾನಾಪುರ ಕಡೆ ಭತ್ತದ ಖರ್ಚಿಗೆ ಮೂರು ದಾರಿಯಿಂದ ಸಾಲ ಬರುತ್ತದೆ: ಸೊಸೈಟಿಯ ಬೆಳೆಸಾಲ, ಗೊಬ್ಬರದ ಅಂಗಡಿಯ ಉದ್ರಿ, ಪರಿಚಯದವರ ಕೈಸಾಲ. ಮೂರನ್ನೂ ಒಂದೇ ಗಂಟು ಕಟ್ಟಿ ಬರೆದರೆ ಲಾಭ ಎಷ್ಟು, ಕೊಡೋದು ಎಷ್ಟು ಅನ್ನೋದೇ ತಿಳಿಯೋದಿಲ್ಲ.

ನಾನು ಟ್ಯಾಲಿಯಲ್ಲಿ ಲೆಕ್ಕ ಇಡೋ ಕ್ರಮ ಹೇಳತೀನಿ. ಮೊಬೈಲ್‌ನಲ್ಲಿ ಬೇರೆ ಆ್ಯಪ್ ಇದ್ದರೂ ನಿಯಮ ಇದೇ.

1. ಪ್ರತಿ ಸಾಲಕ್ಕೂ ಬೇರೆ ಲೆಜರ್ ತೆರೆಯಿರಿ. ಬೆಳೆ, ಜಮೀನಿನ ಆಧಾರದ ಸಾಲ 'ಸೆಕ್ಯೂರ್ಡ್ ಲೋನ್ಸ್' ಗುಂಪಿಗೆ, ಕೈಸಾಲ 'ಅನ್‌ಸೆಕ್ಯೂರ್ಡ್ ಲೋನ್ಸ್'ಗೆ, ಅಂಗಡಿ ಉದ್ರಿ 'ಸಂಡ್ರಿ ಕ್ರೆಡಿಟರ್ಸ್'ಗೆ.

2. ಸಾಲ ಬಂದಾಗ ರಿಸೀಟ್ ವೋಚರ್ ಹಾಕಿ, ಸಾಲದ ಲೆಜರ್‌ಗೇ ಜಮಾ ಮಾಡಿ. ಆದಾಯಕ್ಕೆ ಸೇರಿಸಬ್ಯಾಡ್ರಿ.

3. ತೀರಿಸುವಾಗ ಪೇಮೆಂಟ್ ವೋಚರ್‌ನಲ್ಲಿ ಅಸಲು, ಬಡ್ಡಿ ಬೇರೆ ಮಾಡಿ. ಅಸಲು ಕಟ್ಟಿದರೆ ಸಾಲ ಇಳಿಯುತ್ತದೆ, ಅದು ಖರ್ಚಲ್ಲ. ಬಡ್ಡಿ ಮಾತ್ರ ಖರ್ಚು.

4. ಉದ್ರಿ ಗೊಬ್ಬರವನ್ನು ತಂದ ದಿನವೇ ಖರೀದಿಗೆ ಬರೆಯಿರಿ, ರೊಕ್ಕ ಕೊಟ್ಟ ದಿನ ಅಲ್ಲ.

ಒಂದು ಉದಾಹರಣೆ ನೋಡ್ರಿ. ಬೆಳೆಸಾಲ ರೂ. 1,50,000, ಕೈಸಾಲ ರೂ. 40,000, ಉದ್ರಿ ರೂ. 28,000. ಭತ್ತ ಮಾರಿ ಬಂದದ್ದು ರೂ. 1,90,000. ಪಾಸ್‌ಬುಕ್‌ನಲ್ಲಿ ಜಮಾ ರೂ. 3,80,000 ಕಾಣುತ್ತದೆ. ಆದರೆ ಆದಾಯ ರೂ. 1,90,000 ಅಷ್ಟೇ. ಉದ್ರಿ ಸೇರಿ ಸಾಗುವಳಿ ಖರ್ಚು ರೂ. 1,40,000. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ ಆರು ತಿಂಗಳ ಬಡ್ಡಿ ರೂ. 4,800. ಉಳಿದ ಲಾಭ ರೂ. 45,200. ಪಾಸ್‌ಬುಕ್ ನಂಬಿ ಹೊಸ ಬೈಕಿಗೆ ಮುಂಗಡ ಕೊಟ್ಟರೆ ಕೊಟ್ಟದ್ದು ಸೊಸೈಟಿಯ ರೊಕ್ಕ!

ಇನ್ನು ಯಾವುದನ್ನು ಮೊದಲು ತೀರಿಸಬೇಕು? ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ ಸಹಕಾರ ಸಂಘಗಳ ಶೂನ್ಯ ಬಡ್ಡಿ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಬಡ್ಡಿ ಇಲ್ಲ. ಹೀಗಾಗಿ ಗಡುವು ದೂರ ಇದ್ದರೆ ವರ್ಷಕ್ಕೆ ಶೇ 24 ಬೀಳುವ ಕೈಸಾಲ ಮೊದಲು ಮುಗಿಸಿ, ಬೆಳೆಸಾಲದ ರೊಕ್ಕ ಮುಟ್ಟದೆ ತೆಗೆದಿಡಿ. ಗಡುವು ಹತ್ತಿರ ಇದ್ದರೆ ಸೊಸೈಟಿಯೇ ಮೊದಲು. ಅಂಗಡಿಯವರು ಹೇಳಿದ ದಿನಕ್ಕೆ ಉದ್ರಿ ಚುಕ್ತಾ ಮಾಡಿ, ಮುಂದಿನ ಹಂಗಾಮಿಗೂ ಅದೇ ಬಾಗಿಲಿಗೆ ಹೋಗಬೇಕಲ್ಲ.

ಗಡುವಿಗೆ 30 ದಿನ ಮೊದಲೇ ಮೊಬೈಲ್‌ನಲ್ಲಿ ಅಲಾರಾಂ ಇಡಿ. ತಿಂಗಳಿಗೊಮ್ಮೆ ಬ್ಯಾಲೆನ್ಸ್ ಶೀಟ್ ತೆರೆದು, ಸಾಲದ ಬಾಕಿಯನ್ನು ಸೊಸೈಟಿ ಪಾಸ್‌ಬುಕ್ ಮತ್ತು ಅಂಗಡಿ ಚೀಟಿ ಜತೆ ತಾಳೆ ನೋಡಿ. ವ್ಯತ್ಯಾಸ ಕಂಡರೆ ಅಂದೇ ಕೇಳಿ ಸರಿಪಡಿಸಿಕೊಳ್ಳಿ.